ನಾಟಕ ಸಿನಿಮಾ ಆಗುವಾಗ ಮೊದಲು ಕೆಡುವುದು ದನಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ನಾಟಕ ಬರೆದು, ಆಡಿಸಿ, ಕೈಯಿಂದ ದುಡ್ಡು ಹಾಕಿ ಅದನ್ನೇ ಸಿನಿಮಾ ಮಾಡಲು ಹೊರಟವರ ನಿಜವಾದ ಬಂಡವಾಳ ಪಳಗಿದ ತಂಡ. ಹತ್ತು-ಹನ್ನೆರಡು ಪ್ರಯೋಗ ಕಂಡ ನಾಟಕದಲ್ಲಿ ಯಾವ ಮಾತು ನಿಲ್ಲುತ್ತದೆ, ಎಲ್ಲಿ ಜನ ಕೆಮ್ಮಲು ಶುರು ಮಾಡುತ್ತಾರೆ ಅಂತ ಮೊದಲೇ ಗೊತ್ತಿರುತ್ತದೆ. ಶೂಟಿಂಗ್ ದಿನಗಳು ಕಡಿಮೆಯಾಗುವುದು ಇದರಿಂದಲೇ. ದಾರಿ ಹೊಸದೇನಲ್ಲ: ಬಳ್ಳಾರಿ ರಾಘವರು (1880–1946) ವಕೀಲಿಕೆ ಮಾಡುತ್ತಲೇ ರಂಗದ ಮೇಲೆ ಹೆಸರಾದರು, 1930ರ ದಶಕದಲ್ಲಿ ತೆಲುಗು ಸಿನಿಮಾಗಳಲ್ಲೂ ನಟಿಸಿದರು.

ಆದರೆ ಬಯಲಾಟ, ಕಂಪನಿ ನಾಟಕದಲ್ಲಿ ಬೆಳೆದ ಗಂಟಲು ಕೊನೇ ಸಾಲಿಗೆ ಮಾತು ಎಸೆಯುತ್ತದೆ. ಎದೆ ಮೇಲಿನ ಮೈಕಿಗೆ ಅದು ಅತಿ. ಮಾಮೂಲು ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 18ರಿಂದ ಮೈನಸ್ 12 ಡೆಸಿಬೆಲ್ ನಡುವೆ ಇರಲಿ, ಕೂಗಿದಾಗಲೂ ಮೈನಸ್ 6 ದಾಟದಿರಲಿ. ಸೊನ್ನೆಯೇ ಮೇಲಿನ ಮಿತಿ, ಅದನ್ನು ಮುಟ್ಟಿ ಒಡೆದ ದನಿಯನ್ನು ಎಡಿಟಿಂಗಿನಲ್ಲಿ ಪೂರ್ತಿ ಸರಿಮಾಡಲು ಆಗುವುದಿಲ್ಲ. ಅದೇ ಮಾತನ್ನು ರೆಕಾರ್ಡರಿನ ಎರಡನೇ ಟ್ರ್ಯಾಕಿನಲ್ಲಿ 12 ಡೆಸಿಬೆಲ್ ತಗ್ಗಿಸಿ ಹಿಡಿಯಿರಿ, ಮೊದಲನೆಯದು ಒಡೆದರೆ ಇದು ಕೈಗೆ ಬರುತ್ತದೆ. ಎಷ್ಟು ಜೋರಿನ ದನಿಯನ್ನೂ ಒಡೆಯದಂತೆ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡಿಂಗ್ ಇದೆ ಅಂತ ನೆಚ್ಚಿಕೊಳ್ಳಬೇಡಿ. ವೈರ್‌ಲೆಸ್ ಟ್ರಾನ್ಸ್‌ಮಿಟರ್‌ನಲ್ಲೇ ಒಡೆದು ಬಂದ ದನಿ ಅದರಲ್ಲೂ ಒಡಕೇ.

ನಟನಿಗೆ ‘ಮೆಲ್ಲಗ ಮಾತಾಡು’ ಅಂದರೆ ದನಿಯ ಜೊತೆ ಜೀವವೂ ಇಳಿದು, ಪಾಠ ಒಪ್ಪಿಸಿದಂತೆ ಆಗುತ್ತದೆ. ಎದುರಿನ ಪಾತ್ರವನ್ನು ಎರಡು ಮೊಳ ದೂರಕ್ಕೆ ತಂದು ಕೂಡಿಸಿ, ‘ಇಕಿ ಒಬ್ಬಾಕಿಗೇ ಹೇಳು, ಮನ್ಯಾಗ ಕೂಸು ಮಲಗೇತಿ’ ಅನ್ನಿ. ‘ಯಾಕ ಬಂದಿ?’ ಅನ್ನುವ ಎರಡೇ ಪದ ಆಗ ಬೇರೆಯೇ ಆಗಿ ಬರುತ್ತದೆ. ಕೈಗಳೂ ತಾವಾಗಿ ಕೆಳಗಿಳಿಯುತ್ತವೆ.

ರಾಯಚೂರಿನ ಏಪ್ರಿಲ್, ಮೇ ಅಂದರೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಫ್ಯಾನ್ ನಿಲ್ಲಿಸಿದರೆ ಮೂರು ನಿಮಿಷಕ್ಕೆ ಬೆವರಿಳಿದು ಮೈಕಿನ ಟೇಪ್ ಬಿಚ್ಚಿಕೊಳ್ಳುತ್ತದೆ, ನಿಲ್ಲಿಸದಿದ್ದರೆ ಟ್ರ್ಯಾಕಿನ ತುಂಬಾ ಗುಂಯ್. ಟೇಕ್ ಚಿಕ್ಕದಿರಲಿ, ನಡುವೆ ಫ್ಯಾನ್ ಓಡಲಿ. ಬೆಳಿಗ್ಗೆ ಆರರಿಂದ ಒಂಬತ್ತೂವರೆ, ಮತ್ತೆ ಸಂಜೆ ನಾಲ್ಕರ ಮೇಲೆ, ಇಷ್ಟೇ ಸಮಯ ಅಂತ ತಿಳಿಯಿರಿ. ಎಡಿಟಿಂಗಿನಲ್ಲಿ ಮಾತಿನ ನಡುವಿನ ಸಂದು ತುಂಬಲು ಪ್ರತಿ ಜಾಗದ ಖಾಲಿ ಸದ್ದನ್ನು ಒಂದು ನಿಮಿಷ, ಯಾರೂ ಅಲುಗಾಡದೆ, ಹಿಡಿದಿಡಿ. ಗಂಗಾವತಿ ಕಡೆ ಆದರೆ ಮೊದಲು ಅಕ್ಕಿ ಗಿರಣಿ ಎಷ್ಟು ದೂರ ಅಂತ ಕಿವಿಯಿಂದಲೇ ಅಳೆಯಬೇಕು.

ಬೆಳಕಿನಲ್ಲಿ ಒಂದೇ ಎಚ್ಚರ. ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 24 ಫ್ರೇಮ್ ಹಿಡಿಯುವಾಗ ಕ್ಯಾಮೆರಾದ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 180 ಡಿಗ್ರಿ ಇಟ್ಟರೆ ಟ್ಯೂಬ್‌ಲೈಟ್ ಮಿಣುಕಬಹುದು, 172.8 ಡಿಗ್ರಿ, ಅಂದರೆ ಸೆಕೆಂಡಿನ 50ರಲ್ಲಿ ಒಂದು ಪಾಲು ಇಡಿ. ಅಗ್ಗದ ಎಲ್‌ಇಡಿ ಬಲ್ಬು ಏನು ಮಾಡಿದರೂ ಕೆಲವೊಮ್ಮೆ ಮಿಣುಕುತ್ತದೆ, ಅದನ್ನು ಬದಲಿಸುವುದೊಂದೇ ದಾರಿ.

ಹೊಸಬರು ಎಡವುವುದು ಎತ್ತಿನ ಹತ್ತಿರ. ರಂಗದ ಮೇಲೆ ಎತ್ತು ಬರುವುದಿಲ್ಲ. ಹಳ್ಳಿ ಚಿತ್ರದಲ್ಲಿ ಬಂಡಿ, ಕುರಿಮಂದೆ ತಾವಾಗಿಯೇ ಬಂದುಬಿಡುತ್ತವೆ. ಪ್ರಾಣಿಯಿಂದ ನಟನೆ ಮಾಡಿಸಿದರೆ ಶೂಟಿಂಗಿಗೂ ಮುಂಚೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಮುಗಿದ ಮೇಲೆ ಅವರ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ ಬೇಕು. ಸೆನ್ಸಾರಿಗೆ ಹೋದಾಗ ಆ ಕಾಗದ ಇಲ್ಲದಿದ್ದರೆ ಸರ್ಟಿಫಿಕೇಟ್ ಅಲ್ಲೇ ನಿಲ್ಲುತ್ತದೆ. ಇಟಗಿ ಮಹಾದೇವ ದೇವಾಲಯದಂಥ ಸಂರಕ್ಷಿತ ಜಾಗಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇರೆ.

ಇನ್ನು ನಾಟಕ ಪುಸ್ತಕವಾಗಿದ್ದರೆ ಪ್ರಕಾಶಕರ ಜೊತೆಗಿನ ಒಪ್ಪಂದ ತೆಗೆದು ಓದಿ. ಹಕ್ಕು ಬರೆದುಕೊಟ್ಟು ಅವಧಿ ಹೇಳದಿದ್ದರೆ 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಅದು ಐದು ವರ್ಷ ಎಂದೇ ಲೆಕ್ಕ. ಸಿನಿಮಾ ಹಕ್ಕು ನನ್ನಲ್ಲೇ ಎಂಬ ಸಾಲು ಬೇರೆಯಾಗಿ ಇರಬೇಕು. ತಾಲೀಮಿನಲ್ಲಿ ನಟರು ಸೇರಿಸಿದ ಮಾತುಗಳಿಗೂ ಚೀಟಿ ಬರೆಸಿ ಸಹಿ ಹಾಕಿಸಿಕೊಳ್ಳಿ, ಅದೂ ಚಹಾ ಕುಡಿಯುವಾಗ, ಇನ್ನೂ ಎಲ್ಲರೂ ಗೆಳೆಯರಾಗಿರುವಾಗಲೇ.