ನಿದ್ದೆ ಬರಲೆಂದು ಬೇಗ ಮಲಗಬೇಡಿ

ಮನಸ್ಸು ಸರಿಯಿಲ್ಲ ಅಂತ ಕೌನ್ಸೆಲಿಂಗ್‌ಗೆ ಬರುವವರ ಹತ್ತಿರ ಸಾಮಾನ್ಯವಾಗಿ ಒಂದು ಪಟ್ಟಿ ಸಿದ್ಧವಾಗಿರುತ್ತದೆ. ಸೋಮವಾರದಿಂದ ಬೆಳಗ್ಗೆ ಐದಕ್ಕೆ ಏಳುವುದು, ಯೋಗ, ವಾಕಿಂಗ್, ಸಕ್ಕರೆ ಬಂದ್, ಮೊಬೈಲ್ ಬಂದ್, ಹತ್ತು ನಿಮಿಷ ಧ್ಯಾನ. ಗುರುವಾರದ ಹೊತ್ತಿಗೆ ಎಲ್ಲವೂ ನಿಂತಿರುತ್ತದೆ. ಜೊತೆಗೆ ‘ನನ್ನ ಕೈಲಿ ಏನೂ ಆಗಲ್ಲ’ ಅನ್ನುವ ಹೊಸ ಬೇಜಾರು ಬೇರೆ. ಹಾಗಾಗಿ ಮೊದಲು ಆ ಪಟ್ಟಿಯನ್ನು ಮಡಚಿ ಪಕ್ಕಕ್ಕಿಡಿಸುತ್ತೇವೆ. ಒಂದೇ ಒಂದು ವಿಷಯ ಹಿಡಿಯೋಣ ಅಂದಾಗ ಬಹಳ ಸಲ ಅದು ನಿದ್ದೆಯೇ ಆಗಿರುತ್ತದೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತದೆ ಗಾದೆ. ಆ ಲೆಕ್ಕದಲ್ಲಿ ಚಿಂತೆ ಮೊದಲು ಹೋಗಬೇಕು, ನಿದ್ದೆ ಆಮೇಲೆ ಬರಬೇಕು. ಆದರೆ ಮನೆ ಸಾಲ, ಮಗಳ ಮದುವೆ, ಆಫೀಸಿನ ಕಿರಿಕಿರಿ ಇವೆಲ್ಲ ಆರು ವಾರದಲ್ಲಿ ಮುಗಿಯುವಂಥವಲ್ಲ. ನಿದ್ದೆ ಮಾತ್ರ ಹೆಚ್ಚಿನವರಿಗೆ ಆರರಿಂದ ಎಂಟು ವಾರದಲ್ಲಿ ಒಂದು ಹದಕ್ಕೆ ಬರುತ್ತದೆ. ಬಂದ ಮೇಲೆ ಅದೇ ಸಾಲವನ್ನು ಕೂತು ಲೆಕ್ಕ ಹಾಕುವ ತಾಳ್ಮೆಯೂ ಬರುತ್ತದೆ. ಅದಕ್ಕೇ ನಾವು ಗಾದೆಯ ಕ್ರಮವನ್ನು ತಿರುಗಿಸುತ್ತೇವೆ.

ವಾರದಲ್ಲಿ ಮೂರು ರಾತ್ರಿಯಾದರೂ, ಮೂರು ತಿಂಗಳಿಗಿಂತ ಹೆಚ್ಚು ಕಾಲ ನಿದ್ದೆ ಕೆಟ್ಟು, ಅದರಿಂದ ಹಗಲಿನ ಕೆಲಸಕ್ಕೂ ತೊಂದರೆಯಾಗುತ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಡವಳಿಕೆ ತಿದ್ದುವ ಚಿಕಿತ್ಸೆ ಎಂದು ಅಲ್ಲಿನ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಶಿಫಾರಸು ಮಾಡಿದೆ. ಅದರ ಎರಡು ಮುಖ್ಯ ಭಾಗಗಳು ಹಳೆಯವೇ. ಹಾಸಿಗೆಗೂ ಎಚ್ಚರಕ್ಕೂ ಬಿದ್ದ ನಂಟನ್ನು ಬಿಡಿಸುವ ವಿಧಾನವನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ವಿವರಿಸಿದರು. ಹಾಸಿಗೆಯ ಹೊತ್ತನ್ನು ಮೊಟಕು ಮಾಡುವ ವಿಧಾನವನ್ನು ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಎರಡನೆಯದನ್ನು ಕೇಳಿದ ಕೂಡಲೇ ಜನ ಹೌಹಾರುತ್ತಾರೆ. ನಿದ್ದೆಯೇ ಇಲ್ಲ ಅಂತ ಬಂದವರಿಗೆ ‘ಇನ್ನು ಮೇಲೆ ತಡವಾಗಿ ಮಲಗಿ’ ಅಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಮೊದಲ ವಾರ ಬರೀ ಲೆಕ್ಕ. ಒಂದು ನೋಟುಬುಕ್ಕು ಅಥವಾ ಹಳೆ ಕ್ಯಾಲೆಂಡರಿನ ಹಿಂಬದಿ ಸಾಕು. ಎಷ್ಟಕ್ಕೆ ಮಲಗಿದೆ, ನಿದ್ದೆ ಹತ್ತಲು ಅಂದಾಜು ಎಷ್ಟು ಹೊತ್ತಾಯಿತು, ನಡುವೆ ಎಷ್ಟು ಹೊತ್ತು ಎಚ್ಚರವಿದ್ದೆ, ಕೊನೆಗೆ ಎಷ್ಟಕ್ಕೆ ಎಚ್ಚರವಾಯಿತು, ಎಷ್ಟಕ್ಕೆ ಎದ್ದೆ. ಪಕ್ಕದಲ್ಲಿ ಹಗಲು ನಿದ್ದೆ, ಕಾಫಿ-ಟೀ ಕುಡಿದ ಹೊತ್ತು, ತೆಗೆದುಕೊಂಡ ಮಾತ್ರೆ. ಇದನ್ನು ಬೆಳಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆಯಬೇಕು. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಕರಾರುವಾಕ್ಕಾಗಿ ಬರೆಯಬೇಕೆಂದು ರಾತ್ರಿಯಿಡೀ ಗಡಿಯಾರ ನೋಡುತ್ತಾರೆ, ನೋಡಿದಷ್ಟೂ ನಿದ್ದೆ ದೂರ ಹೋಗುತ್ತದೆ. ಗೋಡೆ ಗಡಿಯಾರವನ್ನು ಬೇರೆ ಕೋಣೆಗೆ ಕಳಿಸಿ, ಮೊಬೈಲನ್ನು ಕೈಗೆಟುಕದ ಕಡೆ ಚಾರ್ಜಿಗೆ ಹಾಕಿ. ಕೈಗೆ ಕಟ್ಟುವ ಸ್ಮಾರ್ಟ್‌ವಾಚಿನ ಅಂಕಿಯನ್ನೂ ಈ ಲೆಕ್ಕಕ್ಕೆ ತರಬೇಡಿ. ಅಲುಗಾಡದೆ ಎಚ್ಚರವಾಗಿ ಮಲಗಿದ್ದನ್ನು ಅದು ಎಷ್ಟೋ ಸಲ ನಿದ್ದೆ ಎಂದೇ ಎಣಿಸುತ್ತದೆ.

ವಾರದ ಕೊನೆಗೆ ಸರಾಸರಿ ತೆಗೆದರೆ ಸಾಮಾನ್ಯವಾಗಿ ಕಾಣುವ ಚಿತ್ರ ಹೀಗಿರುತ್ತದೆ: ರಾತ್ರಿ 10ಕ್ಕೆ ಮಲಗಿ ಬೆಳಗ್ಗೆ 7ಕ್ಕೆ ಏಳುತ್ತಾರೆ, ಹಾಸಿಗೆಯಲ್ಲಿ 9 ಗಂಟೆ. ನಿಜವಾದ ನಿದ್ದೆ ಐದೂವರೆ ಗಂಟೆ. ಅಂದರೆ ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿದ್ದೆಗೆ ಸಂದದ್ದು ಶೇ 61. ಉಳಿದ ಮೂರೂವರೆ ಗಂಟೆ ಮಗ್ಗುಲು ಬದಲಿಸುವುದು, ನಾಳೆಯ ಮೀಟಿಂಗ್ ನೆನೆಯುವುದು, ಹತ್ತು ವರ್ಷದ ಹಿಂದಿನ ಅವಮಾನ ಎಳೆದು ತರುವುದು. ತಿಂಗಳುಗಟ್ಟಲೆ ಹೀಗಾದಾಗ ದಿಂಬಿಗೆ ತಲೆ ಕೊಟ್ಟರೆ ಎಚ್ಚರವಾಗುವುದೇ ರೂಢಿಯಾಗಿಬಿಡುತ್ತದೆ. ಸೋಫಾದ ಮೇಲೆ ಧಾರಾವಾಹಿ ನೋಡುತ್ತಾ ತೂಕಡಿಸಿದವರು ಹಾಸಿಗೆಗೆ ಬಂದ ಕೂಡಲೇ ಕಣ್ಣು ಬಿಟ್ಟು ಸೂರು ನೋಡುವುದು ಇದರಿಂದಲೇ.

ಎರಡನೇ ವಾರದಿಂದ ಹಾಸಿಗೆಯಲ್ಲಿ ನಿಜವಾಗಿ ನಿದ್ದೆಯಾದಷ್ಟೇ ಹೊತ್ತು, ಅಂದರೆ ಈ ಲೆಕ್ಕದಲ್ಲಿ ಐದೂವರೆ ಗಂಟೆ ಮಾತ್ರ. ಇದನ್ನು ಏಳುವ ಕಡೆಯಿಂದ ಹಿಂದಕ್ಕೆ ಎಣಿಸಬೇಕು. ಏಳುವ ಹೊತ್ತು 6 ಎಂದಾದರೆ ಮಲಗುವುದು 12:30ಕ್ಕೆ. ಏಳುವ ಹೊತ್ತನ್ನು ಆಸೆಪಟ್ಟು ಆರಿಸಬೇಡಿ. ವಾರದಲ್ಲಿ ಅತಿ ಬೇಗ ಏಳಲೇಬೇಕಾದ ದಿನ ಯಾವುದೋ ಅದರ ಹೊತ್ತೇ ಏಳೂ ದಿನಕ್ಕೆ. ದಿನ ಬಿಟ್ಟು ದಿನ ನಸುಕಿನಲ್ಲಿ ನೀರು ಬರುವ ಬೀದಿಯಲ್ಲಿದ್ದು, ನೀರು ಹಿಡಿಯುವವರು ನೀವೇ ಆಗಿದ್ದರೆ ಆ ಹೊತ್ತೇ ನಿಮ್ಮದು, ಅಥವಾ ಆ ಕೆಲಸವನ್ನು ಈ ಆರು ವಾರ ಮನೆಯಲ್ಲಿ ಬೇರೆಯವರಿಗೆ ಒಪ್ಪಿಸಬೇಕು. ಭಾನುವಾರ ಎರಡು ಗಂಟೆ ಹೆಚ್ಚು ಮಲಗಿದರೆ ಭಾನುವಾರ ರಾತ್ರಿ ನಿದ್ದೆ ತಡವಾಗುತ್ತದೆ, ಸೋಮವಾರ ಮತ್ತೆ ಮೊದಲಿನಿಂದ ಶುರು. ಲೆಕ್ಕದಲ್ಲಿ ನಿದ್ದೆ ನಾಲ್ಕು ಗಂಟೆಯೆಂದೇ ಬಂದರೂ ಹಾಸಿಗೆಯ ಹೊತ್ತನ್ನು ಐದೂವರೆಗಿಂತ ಕೆಳಗಿಳಿಸಬೇಡಿ.

ಮನೆಯವರೆಲ್ಲ ಹತ್ತೂವರೆಗೆ ದೀಪ ಆರಿಸಿದ ಮೇಲೆ ಹನ್ನೆರಡೂವರೆವರೆಗೆ ಏನು ಮಾಡುವುದು? ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ ಇದೇ. ಮೊಬೈಲ್ ತೆಗೆದರೆ ಎರಡು ಗಂಟೆಯಾಗುತ್ತದೆ, ಒರಗಿಕೊಂಡರೆ ಹನ್ನೊಂದಕ್ಕೇ ಜೊಂಪು ಹತ್ತುತ್ತದೆ. ಹತ್ತೇ ನಿಮಿಷದ ಆ ಜೊಂಪು ಅಷ್ಟು ಹೊತ್ತು ಕೂಡಿಟ್ಟ ನಿದ್ದೆಯ ಹಸಿವನ್ನು ತಿಂದುಹಾಕುತ್ತದೆ. ಬೆನ್ನು ನೇರವಾಗಿರುವ ಕುರ್ಚಿ, ಮಂದ ಬೆಳಕು, ಕೈಗೆ ಕೆಲಸ, ತಲೆಗೆ ಬಿಡುವು, ಇಷ್ಟು ಹೊಂದಿಸಿಕೊಳ್ಳಬೇಕು. ಒಗೆದ ಬಟ್ಟೆ ಮಡಚುವುದು, ಮಕ್ಕಳ ಯೂನಿಫಾರ್ಮ್ ಇಸ್ತ್ರಿ, ಅವರೆಕಾಯಿ ಬಿಡಿಸುವುದು, ಹಳೆ ವಾರಪತ್ರಿಕೆ. ರಾತ್ರಿ ದೀಪ ಉರಿಯುತ್ತಿದ್ದರೆ ಹಿರಿಯರು ‘ಏನಾಯ್ತು ಇವಳಿಗೆ’ ಅಂತ ಗಾಬರಿಯಾಗುತ್ತಾರೆ. ‘ಡಾಕ್ಟ್ರು ಹೇಳಿದ್ದಾರೆ ಅತ್ತೆ, ಒಂದೂವರೆ ತಿಂಗಳು ಹೀಗೆ’ ಅಂತ ಮೊದಲೇ ಹೇಳಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಹೊತ್ತಾಯಿತೆಂದ ಮಾತ್ರಕ್ಕೆ ಮಲಗುವಂತಿಲ್ಲ, ಕಣ್ಣು ಎಳೆಯಬೇಕು. ಆಯಾಸ ಬೇರೆ, ಕಣ್ಣೆಳೆತ ಬೇರೆ. ಮೈಕೈ ಸೋತವರು ಎಚ್ಚರವಾಗಿಯೇ ಇರಬಹುದು. ಮಲಗಿ ಅಂದಾಜು ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ, ಅಥವಾ ಬರುತ್ತಿಲ್ಲವಲ್ಲ ಎಂಬ ಕಿರಿಕಿರಿ ಶುರುವಾದರೆ, ಎದ್ದು ಹೊರಗೆ ಬಂದು ಅದೇ ಕುರ್ಚಿಯಲ್ಲಿ ಕೂರಬೇಕು. ಕಣ್ಣು ಎಳೆದಾಗ ಮತ್ತೆ ಹಾಸಿಗೆ. ಮೊದಲ ರಾತ್ರಿಗಳಲ್ಲಿ ಇದು ನಾಲ್ಕೈದು ಸಲವೂ ಆಗಬಹುದು. ಹಾಲ್‌ನಲ್ಲಿ ಬೇರೆಯವರು ಮಲಗಿರುವ ಒಂದೇ ಕೋಣೆಯ ಮನೆಯಲ್ಲಿ ಅಡುಗೆಮನೆಯ ಮಣೆ ಸಾಕು. ಅದೂ ಆಗದಿದ್ದರೆ ಹಾಸಿಗೆಯಲ್ಲೇ ಎದ್ದು ಗೋಡೆಗೊರಗಿ ಕಾಲು ಮಡಚಿ ಕೂರಬೇಕು; ಮಲಗುವ ಭಂಗಿ ಬದಲಾಗುವುದು ಮುಖ್ಯ. ಹಾಸಿಗೆ ಮೇಲೆ ಊಟ, ಲ್ಯಾಪ್‌ಟಾಪ್, ಫೋನ್ ಮಾತು ಬಂದ್. ನಿದ್ದೆಗೂ ದಾಂಪತ್ಯಕ್ಕೂ ಬಿಟ್ಟು ಇನ್ಯಾವುದಕ್ಕೂ ಅದು ಬೇಡ. ನಮ್ಮ ಹಳೆ ಮನೆಗಳಲ್ಲಿ ಬೆಳಗ್ಗೆ ಹಾಸಿಗೆ ಸುತ್ತಿ ಮೂಲೆಗಿಡುತ್ತಿದ್ದದ್ದು ಈ ವಿಷಯದಲ್ಲಿ ಬಹಳ ಉಪಕಾರಿ. ಮಂಚ ಬಂದ ಮೇಲೆ ಹಾಸಿಗೆ ದಿನವಿಡೀ ಕರೆಯುತ್ತಿರುತ್ತದೆ.

ಎದ್ದ ಅರ್ಧ ಗಂಟೆಯೊಳಗೆ ಮನೆಯ ಹೊರಗೆ ಬೆಳಕಿಗೆ ನಿಲ್ಲಬೇಕು. ಬೆಂಗಳೂರಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6:45ಕ್ಕೆ, ಜೂನ್‌ನಲ್ಲಿ 6ಕ್ಕಿಂತ ತುಸು ಮೊದಲು. ಚಳಿಗಾಲದಲ್ಲಿ ಬೇಗ ಏಳುವವರು ಬೆಳಕು ಮೂಡುವವರೆಗೆ ಕಾಯಬೇಕಾಗುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಮಳೆಗಾಲದ ಮೋಡದ ಬೆಳಕಲ್ಲೂ ಹೊರಗೆ ಸಾವಿರಾರು ಲಕ್ಸ್ (ಬೆಳಕಿನ ಅಳತೆ) ಇರುತ್ತದೆ, ಟ್ಯೂಬ್‌ಲೈಟ್ ಉರಿಸಿದ ಹಾಲ್‌ನಲ್ಲಿ ಕೆಲವು ನೂರು ಮಾತ್ರ. ಮೆದುಳಿನ ಒಳಗಡಿಯಾರ ರಾತ್ರಿಯ ನಿದ್ದೆಯ ಹೊತ್ತನ್ನು ನಿಗದಿ ಮಾಡುವುದು ಮುಖ್ಯವಾಗಿ ಈ ಬೆಳಗಿನ ಬೆಳಕಿನಿಂದ. ಹಾಲು ತರಲು ನಡೆದುಹೋದರೆ ವಾಕಿಂಗೂ ಆಯಿತು. ಪಟ್ಟಿಯಲ್ಲಿದ್ದ ವಾಕಿಂಗ್ ಹೀಗೆ ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ.

ಈ ಎರಡನೇ ವಾರ ಕೆಟ್ಟದಾಗಿರುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಧ್ಯಾಹ್ನ ಮೂರಕ್ಕೆ ಕಣ್ಣು ಮುಚ್ಚಿಕೊಳ್ಳುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ಮೂರನೇ ದಿನಕ್ಕೆ ‘ಇದ್ದ ನಿದ್ದೆಯನ್ನೂ ಹಾಳು ಮಾಡಿದ್ರಿ’ ಅಂತ ಫೋನ್ ಬರುತ್ತದೆ. ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಇಲ್ಲೇ. ಆದರೆ ಚಿಕಿತ್ಸೆ ಕೆಲಸ ಮಾಡುತ್ತಿರುವುದೂ ಇಲ್ಲೇ: ಕೊರತೆ ಕೂಡಿದಷ್ಟೂ ರಾತ್ರಿಯ ನಿದ್ದೆ ಗಟ್ಟಿಯಾಗುತ್ತದೆ. ಈ ದಿನಗಳಲ್ಲಿ ದೂರ ಡ್ರೈವ್ ಮಾಡುವುದು ಬೇಡ. ಆಫೀಸಿಗೆ ಬೈಕ್ ಬದಲು ಬಸ್ಸು, ಮೆಟ್ರೋ ಹಿಡಿಯಿರಿ. ಪರೀಕ್ಷೆ, ಮಾರ್ಚ್ ತಿಂಗಳ ಲೆಕ್ಕಪತ್ರ, ಮನೆಯ ಮದುವೆ ಇರುವ ತಿಂಗಳಲ್ಲಿ ಶುರು ಮಾಡಲೇಬೇಡಿ.

ವಾರದ ಕೊನೆಗೆ ಮತ್ತೆ ಲೆಕ್ಕ. ಐದೂವರೆ ಗಂಟೆಯಲ್ಲಿ ಐದು ಗಂಟೆ ನಿದ್ದೆಯಾಗಿದ್ದರೆ ಅದು ಶೇ 91. ಶೇ 90 ದಾಟಿದರೆ ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ, 12:15ಕ್ಕೆ ತನ್ನಿ. 85ರಿಂದ 90ರ ನಡುವೆ ಇದ್ದರೆ ಇನ್ನೊಂದು ವಾರ ಹಾಗೇ ಇರಲಿ. 85ಕ್ಕಿಂತ ಕಡಿಮೆಯಿದ್ದರೆ, ಐದೂವರೆಯ ಗೆರೆ ದಾಟದಂತೆ, 15 ನಿಮಿಷ ಮೊಟಕು. ಐದು ಸಲ ಮುಂದುವರಿದರೆ ಮಲಗುವುದು 11:15, ಹಾಸಿಗೆಯಲ್ಲಿ ಆರೂಮುಕ್ಕಾಲು ಗಂಟೆ. ಹಗಲು ಚುರುಕಾಗಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ಎಂಟು ಗಂಟೆ ಎಲ್ಲರಿಗೂ ಬೇಕೆಂಬ ನಿಯಮವಿಲ್ಲ. ಒಂದು ಒಳ್ಳೆಯ ರಾತ್ರಿ ಸಿಕ್ಕ ಖುಷಿಗೆ ಮರುದಿನವೇ ಹತ್ತಕ್ಕೆ ಮಲಗುವ ಆತುರದಿಂದ ಹಾಳಾದ ವಾರಗಳಿಗೆ ಲೆಕ್ಕವಿಲ್ಲ.

ಕಾಫಿಗೆ ನಾಲ್ಕನೇ ವಾರದವರೆಗೂ ಕೈ ಹಾಕುವುದಿಲ್ಲ. ನಿದ್ದೆ ಮೊಟಕಾದ ವಾರವೇ ಕಾಫಿಯನ್ನೂ ಕಿತ್ತುಕೊಂಡರೆ ಮನುಷ್ಯ ಎರಡನ್ನೂ ಬಿಟ್ಟು ಓಡುತ್ತಾನೆ. ಒಳಗೆ ಹೋದ ಕೆಫೀನಿನ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಲೋಟದ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು ಹೊತ್ತು. ‘ನಾನು ಕಾಫಿ ಕುಡಿದೂ ಮಲಗ್ತೀನಿ’ ಅನ್ನುವವರ ನಿದ್ದೆಯೂ ತೆಳುವಾಗುತ್ತದೆ, ಅವರಿಗೆ ಗೊತ್ತಾಗುವುದಿಲ್ಲ ಅಷ್ಟೆ. ಥಟ್ಟನೆ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು ಹಿಡಿದು ಕೆಲವರಿಗೆ ವಾರವಿಡೀ ಇರುತ್ತದೆ. ಆದ್ದರಿಂದ ಸಂಜೆಯ ಲೋಟವನ್ನು ಮೂರು ದಿನಕ್ಕೊಮ್ಮೆ ಕಾಲು ಭಾಗ ಇಳಿಸುತ್ತಾ ಬನ್ನಿ, ಆ ಜಾಗಕ್ಕೆ ಕೊತ್ತಂಬರಿ-ಜೀರಿಗೆ ಕಷಾಯ ಬರಲಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಡಿಕಾಕ್ಷನ್ನಿನಲ್ಲಿ ಚಿಕೋರಿ ಪಾಲು ಹೆಚ್ಚಿಸುವುದೂ ಒಂದು ದಾರಿ. ಕೊನೆಯ ಕಾಫಿ ಮಧ್ಯಾಹ್ನ ಎರಡರೊಳಗೆ ಮುಗಿದರೆ ಸಾಕು. ಟೀಗೂ ಇದೇ ಮಾತು. ‘ಒಂದು ಪೆಗ್ ಹಾಕಿದ್ರೆ ನಿದ್ದೆ ಬರುತ್ತೆ’ ಅನ್ನುವುದು ಅರ್ಧ ನಿಜ. ಬೇಗ ಬರುತ್ತದೆ, ನಡುರಾತ್ರಿ ದಾಟಿದ ಮೇಲೆ ಚೂರುಚೂರಾಗುತ್ತದೆ.

ಚಿಂತೆಗೂ ಒಂದು ಹೊತ್ತು ಗೊತ್ತು ಮಾಡಿಕೊಡುತ್ತೇವೆ. ಸಂಜೆ ಆರರ ಸುಮಾರಿಗೆ ಇಪ್ಪತ್ತು ನಿಮಿಷ, ಮಲಗುವ ಕೋಣೆಯ ಹೊರಗೆ, ಪೆನ್ನು ಹಿಡಿದು. ಎಡಗಡೆ ಚಿಂತೆ, ಬಲಗಡೆ ಅದಕ್ಕೆ ನಾಳೆ ಮಾಡಬಹುದಾದ ಸಣ್ಣ ಕೆಲಸ. ‘ಬ್ಯಾಂಕಿನವರು ಏನಂತಾರೋ’ ಎಂಬುದರ ಎದುರಿಗೆ ‘ಹನ್ನೊಂದಕ್ಕೆ ಮ್ಯಾನೇಜರಿಗೆ ಫೋನ್’. ಮಾಡಲು ಏನೂ ಇಲ್ಲದಿದ್ದರೆ ಬಲಗಡೆ ಖಾಲಿ ಬಿಡಿ, ಆ ಖಾಲಿಯೂ ಒಂದು ಮಾಹಿತಿ. ರಾತ್ರಿ ಅದೇ ಚಿಂತೆ ಬಂದಾಗ ‘ಬರೆದಾಗಿದೆ, ನಾಳೆ ಆರಕ್ಕೆ’ ಅನ್ನಲು ಹತ್ತು ಹದಿನೈದು ದಿನದ ಅಭ್ಯಾಸ ಬೇಕು.

ಇದು ಎಲ್ಲರಿಗೂ ಹೇಳಿದ್ದಲ್ಲ. ಬೈಪೋಲಾರ್ ಕಾಯಿಲೆ ಇರುವವರಿಗೆ ನಿದ್ದೆ ಕಡಿತ ಉನ್ಮಾದವನ್ನು ಕೆದಕಬಹುದು, ಅಪಸ್ಮಾರ ಇರುವವರಿಗೆ ಫಿಟ್ಸ್ ತರಬಹುದು. ಬಸ್ಸು-ಲಾರಿ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು ವೈದ್ಯರ ಕಣ್ಗಾವಲಿಲ್ಲದೆ ಮಾಡಬಾರದು. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು, ಹಗಲು ಕೂತಲ್ಲೇ ನಿದ್ದೆ ಇದ್ದರೆ ಮೊದಲು ಸ್ಲೀಪ್ ಅಪ್ನಿಯಾ ಪರೀಕ್ಷೆ ಆಗಬೇಕು. ರಾತ್ರಿ ಕಾಲಿನೊಳಗೆ ಏನೋ ಹರಿದಾಡಿದಂತಾಗಿ ಅಲ್ಲಾಡಿಸಲೇಬೇಕು ಅನಿಸಿದರೆ ರಕ್ತದ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶದ ಅಳತೆ) ನೋಡಿಸಬೇಕು. ಪಾಳಿ ಬದಲಾಗುತ್ತಲೇ ಇರುವವರಿಗೆ ಒಂದೇ ಏಳುವ ಹೊತ್ತು ಸಾಧ್ಯವಿಲ್ಲ. ಯಾವ ಪಾಳಿಯಲ್ಲೂ ತಪ್ಪದ ನಾಲ್ಕು ಗಂಟೆಯ ನಿದ್ದೆಯ ಹೊತ್ತನ್ನು ಗುರುತಿಸಿ ಅದನ್ನು ಕಾಯ್ದುಕೊಂಡು, ಉಳಿದ ನಿದ್ದೆಯನ್ನು ಅದರ ಹಿಂದೆಮುಂದೆ ಸೇರಿಸಿಕೊಳ್ಳಬೇಕು.

ಆಲ್ಪ್ರಜೋಲಾಮ್, ಕ್ಲೋನಜಪಾಮ್‌ನಂಥ ನಿದ್ದೆ-ಆತಂಕದ ಮಾತ್ರೆಯನ್ನು ತಿಂಗಳುಗಟ್ಟಲೆ ತಿಂದವರು, ಇದೆಲ್ಲ ಓದಿದ ಹುರುಪಿನಲ್ಲಿ ಇವತ್ತೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ನಡುಕ, ವಿಪರೀತ ಆತಂಕ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಬರೆದುಕೊಟ್ಟ ವೈದ್ಯರೇ ವಾರಗಟ್ಟಲೆ ಕಾಲಾವಕಾಶದಲ್ಲಿ ಇಳಿಸಿಕೊಡಬೇಕು. ನಸುಕಿನ ಮೂರು-ನಾಲ್ಕಕ್ಕೇ ಎಚ್ಚರವಾಗಿ, ಬೆಳಗ್ಗೆಯೇ ಮನಸ್ಸು ಅತಿ ಭಾರವಾಗಿ, ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಬರೀ ನಿದ್ದೆಯ ಸಮಸ್ಯೆ ಅಲ್ಲದಿರಬಹುದು. ಖಿನ್ನತೆಗೆ ಬೇರೆಯೇ ಚಿಕಿತ್ಸೆ ಬೇಕು. ಬದುಕು ಬೇಡ ಅನ್ನಿಸಿದರೆ ಆರು ವಾರ ಕಾಯುವ ಮಾತೇ ಇಲ್ಲ, ಆ ಕ್ಷಣವೇ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದರ ರಾಷ್ಟ್ರಮಟ್ಟದ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು. ಎದುರಾ ಎದುರು ತೋರಿಸಬೇಕೆಂದರೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಕೇಳಿ.

ಹದಕ್ಕೆ ಬಂದ ನಿದ್ದೆ ಮತ್ತೆ ಕೆಡುತ್ತದೆ, ಕೆಡದೇ ಇರುವುದಿಲ್ಲ. ಊರ ಜಾತ್ರೆ, ಆಸ್ಪತ್ರೆಯಲ್ಲಿ ರಾತ್ರಿ ಕಾವಲು, ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿಬಂದ ಮೇಲಿನ ವಾರ. ಅಂಥ ರಾತ್ರಿಯ ಮರುದಿನ ಮಾಡಬೇಕಾದದ್ದು ಕಡಿಮೆ: ಏಳುವ ಹೊತ್ತಿಗೇ ಎದ್ದು ಬೆಳಕಿಗೆ ಹೋಗುವುದು, ಹಗಲು ಮಲಗದಿರುವುದು, ರಾತ್ರಿ ಮಾಮೂಲಿ ಹೊತ್ತಿಗಿಂತ ಮೊದಲು ಹಾಸಿಗೆಗೆ ಹೋಗದಿರುವುದು. ಎರಡು ವಾರವಾದರೂ ಹಳಿಗೆ ಬರದಿದ್ದರೆ ನೋಟುಬುಕ್ಕು ತೆಗೆದು ಒಂದು ವಾರ ಬರೆಯಿರಿ, ಸರಾಸರಿ ತೆಗೆದು ಹೊತ್ತು ಮೊಟಕು ಮಾಡಿ. ಎರಡನೇ ಸಲಕ್ಕೆ ಸಾಮಾನ್ಯವಾಗಿ ಆರು ವಾರ ಹಿಡಿಯುವುದಿಲ್ಲ.