ಗೋಡೆ ಮೇಲಿನ ಬಿಳಿ ಬೋರ್ಡು

ಕಲಬುರಗಿಯ ಸೇಡಂ ರಸ್ತೆಯಲ್ಲಿ ನನ್ನದೊಂದು ಚಿಕ್ಕ ಗೇಮಿಂಗ್ ಅಂಗಡಿ ಇದೆ. ಎಂಟು ಕಂಪ್ಯೂಟರ್, ಎರಡು ಪ್ಲೇಸ್ಟೇಷನ್, ಒಂದು ಏಸಿ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿದಾಗ ಹುಡುಗರು ಆಟಕ್ಕೆ ಬರುತ್ತಾರೋ ಏಸಿಗೆ ಬರುತ್ತಾರೋ, ದೇವರಿಗೇ ಗೊತ್ತು.

ಮಳೆ ಶುರುವಾದ ಮೇಲೆ ಗಿರಾಕಿ ಕಡಿಮೆಯಾಯಿತು. ಫೋನಿನಲ್ಲಿ ಆಡುವ ಬಿಜಿಎಂಐ ಅನ್ನೋ ಗುಂಡಿನಾಟದಲ್ಲಿ ಕಾಂಕರರ್ ಆಗಲು ನಿದ್ದೆಗೆಟ್ಟು ಕೂತವರನ್ನು ನಾನು ನೋಡಿದ್ದೆ. ಇಡೀ ಸರ್ವರ್‌ನಲ್ಲಿ 500 ಜನರಿಗಷ್ಟೇ ಸಿಗುವ ಪಟ್ಟ ಅದು. ಫೋನಿನಲ್ಲಿ ಇಷ್ಟು ಹುಚ್ಚು ಹಿಡಿಸುವ ರ‍್ಯಾಂಕು ನನ್ನ ಅಂಗಡಿಯಲ್ಲೂ ಇದ್ದರೆ? ಒಂದು ಬಿಳಿ ಬೋರ್ಡು ತಂದು ಗೋಡೆಗೆ ಹೊಡೆದೆ. ಇಬ್ಬಿಬ್ಬರು ಎದುರುಬದುರು ಆಡುವ ಫಿಫಾ ಅನ್ನೋ ಫುಟ್ಬಾಲ್ ಆಟಕ್ಕೆ. ಆ ಆಟದ ಹೆಸರು 2023ರಲ್ಲೇ ಬದಲಾಗಿದೆ, ಆದರೆ ನಮ್ಮೂರ ಹೆಸರು 2014ರಲ್ಲಿ ಬದಲಾದರೂ ಗುಲ್ಬರ್ಗ ಅನ್ನುವವರು ಇನ್ನೂ ಇದ್ದಾರಲ್ವಾ, ಹಾಗೇ ಇದೂ.

ಮೊದಲು ಸುಮ್ನೆ ಗೆದ್ದ ಆಟಗಳನ್ನು ಎಣಿಸಿದೆ. ಎರಡೇ ವಾರಕ್ಕೆ ಗೊತ್ತಾಯಿತು: ಜೇಬಲ್ಲಿ ದುಡ್ಡು ಜಾಸ್ತಿ ಇದ್ದವನು ಜಾಸ್ತಿ ಆಡುತ್ತಾನೆ, ಜಾಸ್ತಿ ಆಡಿದವನು ಮೇಲೆ ಕೂರುತ್ತಾನೆ. ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ನನಗೆ ಅದು ಒಳ್ಳೆಯದೇ. ಹುಡುಗರಿಗೆ ಮಾತ್ರ ಅದು ಮೋಸ ಅನ್ನಿಸಿತು.

ಆಮೇಲೆ ಎದುರಾಳಿಯ ಬಲ ನೋಡಿ ಅಂಕ ಕೊಡುವ ಚೆಸ್ಸಿನವರ ಎಲೊ ಲೆಕ್ಕ ಹಿಡಿದೆ. ಆರ್ಪಾಡ್ ಎಲೊ ಎಂಬ ಭೌತಶಾಸ್ತ್ರದ ಪ್ರೊಫೆಸರ್ ಮಾಡಿದ್ದು. ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿ, ವಿಶ್ವ ಚೆಸ್ ಒಕ್ಕೂಟವಾದ ಫಿಡೆ 1970ರಲ್ಲಿ ಒಪ್ಪಿಕೊಂಡ ಲೆಕ್ಕ. ನಾನು ಎಲ್ಲರಿಗೂ 1000 ಅಂಕ ಕೊಟ್ಟು, ಒಂದು ಆಟಕ್ಕೆ 32ರ ಪಣ ಇಟ್ಟೆ. ಸರಿಸಮ ಇಬ್ಬರು ಆಡಿದರೆ ಗೆದ್ದವನಿಗೆ 16 ಸೇರುತ್ತದೆ, ಸೋತವನಿಂದ 16 ಹೋಗುತ್ತದೆ. ಇಬ್ಬರ ನಡುವೆ 400 ಅಂಕಗಳ ಅಂತರ ಇದ್ದರೆ ಹೆಚ್ಚು ಅಂಕದವನು ಗೆದ್ದಾಗ ಸಿಗುವುದು ಬರೀ 3. ಸೋತರೆ 29 ಕಳೆದುಕೊಳ್ಳುತ್ತಾನೆ.

ಈ ಮೂರು ಮತ್ತು ಇಪ್ಪತ್ತೊಂಬತ್ತೇ ನನಗೆ ಕೈಕೊಟ್ಟಿದ್ದು.

ಕೆಳಗಿದ್ದವರು ಬೇಸರಪಟ್ಟು ಬಿಟ್ಟುಹೋಗಬಹುದು ಅಂತ ಅಂದಾಜಿತ್ತು. ಹೋದರು ಕೂಡ. ಇಪ್ಪತ್ತಮೂರು ಹೆಸರಲ್ಲಿ ಕೊನೆಯವನಾಗಿದ್ದ ಪಿಯುಸಿ ಹುಡುಗನ ಹೆಸರನ್ನು ಬಂದವರೆಲ್ಲ ಗಟ್ಟಿಯಾಗಿ ಓದಿ ನಗುತ್ತಿದ್ದರು. ಒಂದು ದಿನ ಅವನು ಬಾಗಿಲಲ್ಲೇ ನಿಂತು ಬೋರ್ಡು ನೋಡಿ ವಾಪಸ್ ಹೋದ. ಆದರೆ ನಾನು ಅಂದುಕೊಳ್ಳದೇ ಇದ್ದದ್ದು ಮೇಲಿನವನ ಕಥೆ. ಮೊದಲ ಸ್ಥಾನಕ್ಕೆ ಬಂದದ್ದೇ ತಡ, ಅವನು ಆಡುವುದನ್ನೇ ನಿಲ್ಲಿಸಿದ. ದಿನಾ ಬರುತ್ತಿದ್ದ. ಮಿರ್ಚಿ ತಿನ್ನುತ್ತಾ ಬೋರ್ಡಿನ ಕೆಳಗೇ ಕೂರುತ್ತಿದ್ದ. ಯಾರಾದರೂ ಕರೆದರೆ "ಇವತ್ತ ಮೂಡ್ ಇಲ್ಲೋ" ಅನ್ನುತ್ತಿದ್ದ. ಮೂಡು ಯಾಕೆ ಬರಬೇಕು? ಗೆದ್ದರೆ ಮೂರು, ಸೋತರೆ ಇಪ್ಪತ್ತೊಂಬತ್ತು. ನಾನೇ ಅವನ ಜಾಗದಲ್ಲಿದ್ದರೂ ಮಿರ್ಚಿಯೇ ತಿನ್ನುತ್ತಿದ್ದೆ. ಅವನ ಹಿಂದಿದ್ದ ಇಬ್ಬರೂ ಅದನ್ನೇ ಕಲಿತರು. ರ‍್ಯಾಂಕಿಗೋಸ್ಕರ ಆಡಿಸಲು ಹೋಗಿ, ರ‍್ಯಾಂಕಿಗೋಸ್ಕರ ಆಡದವರನ್ನು ತಯಾರು ಮಾಡಿದ್ದೆ.

ದೊಡ್ಡ ಆಟಗಳ ಕಂಪನಿಗಳು ಸೀಸನ್ ಮುಗಿದಾಗ ಎಲ್ಲರನ್ನೂ ಒಂದಿಷ್ಟು ಕೆಳಗೆ ತಳ್ಳುವುದು ಬರೀ ಆಟ ಹೆಚ್ಚಿಸುವ ಆಸೆಗೆ ಅಂತ ಬೈಯುತ್ತಿದ್ದೆ. ಆ ಆಸೆ ಇರುವುದೂ ನಿಜವೇ. ಈಗ ನಾನೂ ಅದನ್ನೇ ಮಾಡುತ್ತೇನೆ. ತಿಂಗಳ ಮೊದಲ ದಿನ ಎಲ್ಲರ ಅಂಕವನ್ನೂ 1000ದ ಕಡೆಗೆ ಅರ್ಧ ದಾರಿ ಎಳೆಯುತ್ತೇನೆ: 1300 ಇದ್ದವನು 1150, 800 ಇದ್ದವನು 900. ವಾರದಲ್ಲಿ ಮೂರು ಆಟ ಆಡದಿದ್ದರೆ ಬೋರ್ಡಿನಿಂದ ಹೆಸರು ಅಳಿಸುತ್ತೇನೆ. ಗೋಡೆ ಮೇಲೆ ಮೊದಲ ಐವರು ಮಾತ್ರ. ಉಳಿದವರ ಅಂಕ ನನ್ನ ನೋಟ್‌ಬುಕ್ಕಿನಲ್ಲಿ, ಕೇಳಿದವನಿಗೆ ಅವನದೊಂದೇ. ಜೋಡಿ ಹಾಕುವಾಗಲೂ ಅದನ್ನೇ ನೋಡಿ ಹತ್ತಿರದವರನ್ನು ಕೂರಿಸುತ್ತೇನೆ.

ಮಿರ್ಚಿ ಹುಡುಗ ಎರಡು ದಿನ ಜಗಳ ಆಡಿದ. ಮೂರನೇ ದಿನ ಕಂಟ್ರೋಲರ್ ಹಿಡಿದು ಕೂತ.

ಪಿಯುಸಿ ಹುಡುಗ ಬಂದದ್ದು ದಸರಾ ರಜೆಯಲ್ಲಿ. ನಾಲ್ಕೈದು ದಿನ ಆಡಿದ ಮೇಲೆ ಕೌಂಟರ್ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಅಣ್ಣಾ, ನಂದೆಷ್ಟದ?"

ನೋಟ್‌ಬುಕ್ ತಿರುಗಿಸಿ ತೋರಿಸಿದೆ. 900ರಿಂದ 938 ಆಗಿತ್ತು. ಅವನು ಒಮ್ಮೆ ಬೋರ್ಡಿನ ಕಡೆ ನೋಡಿದ.

"ಅಲ್ಲಿ ಬರೀಬ್ಯಾಡ್ರಿ ಮತ್ತ" ಅಂದು ಇನ್ನೊಂದು ಗಂಟೆಯ ದುಡ್ಡು ಇಟ್ಟ.