ಚಾಲಿ ಸುಲಿಯುವ ಕಾಲದ ಸಂಜೆಜ್ವರ

ಏಪ್ರಿಲ್ 8, 2025, ಮಂಗಳವಾರ
ಶಿರಸಿ

ತೋಟದೂರುಗಳಲ್ಲೆಲ್ಲ ಈಗ ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿದ ಅಡಿಕೆ, ಸುಲಿಯುವ ಭರಾಟೆ. ಅಂಗಳದಲ್ಲಿ 40-45 ದಿನ ಬಿಸಿಲುಂಡ ಅಡಿಕೆ ಯಂತ್ರಕ್ಕೆ ಬಿದ್ದರೆ ಸಿಪ್ಪೆಯ ಜೊತೆಗೆ ಕಂದು ಧೂಳೂ ಏಳುತ್ತದೆ. ಹುಬ್ಬು, ಮೀಸೆಯ ಮೇಲೆ ಕೂರುವ ದಪ್ಪ ಧೂಳು ಬಹುತೇಕ ಮೂಗು, ಗಂಟಲಲ್ಲೇ ನಿಲ್ಲುತ್ತದೆ. 4 ಮೈಕ್ರಾನ್‌ಗಿಂತ ಸಣ್ಣದು ಕಣ್ಣಿಗೆ ಕಾಣುವುದಿಲ್ಲ, ಶ್ವಾಸಕೋಶದ ಗಾಳಿಗೂಡಿನವರೆಗೂ ಇಳಿಯುತ್ತದೆ. ಹೆದರಬೇಕಾದ್ದು ಅದಕ್ಕೆ. ಸುಲಿದ ದಿನ ಸಂಜೆ ಬರುವ ಜ್ವರಕ್ಕೂ ಅದೇ ದಾರಿ.

ಸಿಪ್ಪೆ, ಹುಲ್ಲು, ಸೊಪ್ಪು, ಸಗಣಿ ಎಲ್ಲದರಲ್ಲೂ ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳ ಹೊರಪೊರೆಯಲ್ಲಿರುವ ವಿಷವೇ ಎಂಡೋಟಾಕ್ಸಿನ್. ಬಿಸಿಲಿಗೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಸಾಯುವುದಿಲ್ಲ. ನೀರಲ್ಲಿ ಕುದಿಸಿದರೂ ಉಳಿಯುತ್ತದೆ. ‘ಗರಿಗರಿ ಒಣಗಿದೆ, ಏನೂ ಆಗೂದಿಲ್ಲ’ ಎನ್ನುವ ಮಾತನ್ನು ಅದಕ್ಕೇ ನಂಬಬಾರದು. ನೆದರ್ಲೆಂಡ್ಸ್‌ನ ಆರೋಗ್ಯ ಮಂಡಳಿ 2010ರಲ್ಲಿ ಸೂಚಿಸಿದ ಮಿತಿ, 8 ಗಂಟೆಯ ಕೆಲಸಕ್ಕೆ ಒಂದು ಘನ ಮೀಟರ್ ಗಾಳಿಯಲ್ಲಿ 90 ಎಂಡೋಟಾಕ್ಸಿನ್ ಯೂನಿಟ್. ತೂಕದಲ್ಲಿ ಅದು ಸುಮಾರು 9 ನ್ಯಾನೊಗ್ರಾಂ ಅಷ್ಟೇ.

ಒಮ್ಮೆಲೇ ಹೆಚ್ಚು ಧೂಳು ಕುಡಿದವರಿಗೆ 4ರಿಂದ 8 ಗಂಟೆ ಬಿಟ್ಟು ಚಳಿ, ಜ್ವರ, ಮೈಕೈ ನೋವು, ಒಣಕೆಮ್ಮು. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ, ಎಕ್ಸ್‌ರೇಯಲ್ಲೂ ಸಾಮಾನ್ಯವಾಗಿ ಏನೂ ಕಾಣದು. ಹಾಗಾಗಿ ಫ್ಲೂ ಎಂದು ಮಾತ್ರೆ ನುಂಗಿ ಮರೆಯುವವರೇ ಹೆಚ್ಚು. ಬೂಸಲು ಹಿಡಿದ ಹುಲ್ಲು ಕೊಡವಿದಾಗಲೆಲ್ಲ ಇದೇ ಜ್ವರ ಮರುಕಳಿಸಿ, ಜೊತೆಗೆ ಏದುಸಿರು ಬಂದರೆ ಅದು ಬೇರೆಯದೇ ಕಾಯಿಲೆ ಇರಬಹುದು: ರೈತರ ಶ್ವಾಸಕೋಶದ ಅಲರ್ಜಿ. ಅದನ್ನು ನಿರ್ಲಕ್ಷಿಸಿದರೆ ಶ್ವಾಸಕೋಶ ಗಟ್ಟಿಯಾಗಬಹುದು, ಆಮೇಲೆ ಹಿಂದಿನಂತಾಗುವುದಿಲ್ಲ. ಇನ್ನು ಹತ್ತಿ ಗಿರಣಿಯವರಿಗೆ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆಯಲ್ಲಿ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಅಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ, ಅದರ ಹೆಸರಿತ್ತು. ಮನೆಯಂಗಳದಲ್ಲಿ ಸುಲಿಯುವವರ ಕೆಮ್ಮನ್ನು ಬರೆದಿಡುವವರು ಯಾರೂ ಇಲ್ಲ ಎಂಬುದೇ ಸಂಕಟ.

ಧೂಳಿಗೆ ನೀರು ಚಿಮುಕಿಸುವ ಅಭ್ಯಾಸ ಕಲ್ಲುಕ್ವಾರಿಗೆ ಸರಿ. ಸಿಪ್ಪೆ ರಾಶಿಗೆ ನೀರು ಹಾಕಿ ಬಿಟ್ಟರೆ ಅದೇ ತೇವದಲ್ಲಿ ಬ್ಯಾಕ್ಟೀರಿಯಾ, ಬೂಸಲು ಬೆಳೆದು, ಮತ್ತೆ ಒಣಗಿದಾಗ ಧೂಳು ಮೊದಲಿಗಿಂತ ಕೆಟ್ಟದ್ದಾಗುತ್ತದೆ. ಕೊಟ್ಟಿಗೆಯನ್ನು ಪಂಪಿನ ಜೋರು ನೀರಿನಿಂದ ತೊಳೆದರೂ ವಿಷ ಹನಿಯಾಗಿ ಗಾಳಿಗೆ ಏರುತ್ತದೆ. ಪೈಪಿನ ನಿಧಾನ ನೀರೇ ಸಾಕು.

ಯಂತ್ರವನ್ನು ಅಟ್ಟದ ಕೆಳಗೆ, ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಗಾಳಿ ಬೆನ್ನ ಕಡೆಯಿಂದ ಬರುವಂತೆ ನಿಲ್ಲಿ. ಕುಮಟಾ, ಅಂಕೋಲಾ ಕಡೆ ಮಧ್ಯಾಹ್ನ ಕಡಲಗಾಳಿ ಎದ್ದು ದಿಕ್ಕು ತಿರುಗುತ್ತದೆ, ಆಗ ನಿಂತ ಜಾಗವೂ ಬದಲಾಗಬೇಕು. ಸಿಪ್ಪೆ ಬೀಳುವ ಬಾಯಿಗೆ ಎರಡೂ ತುದಿ ಬಿಚ್ಚಿದ ಗೋಣಿಚೀಲ ಕಟ್ಟಿ ನೆಲದವರೆಗೆ ಇಳಿಬಿಟ್ಟರೆ ಧೂಳು ಏಳುವುದು ಕಡಿಮೆ. ತಲೆಯ ಮೇಲಿನ ಫ್ಯಾನು ಕೂತ ಧೂಳನ್ನು ಮತ್ತೆ ಎಬ್ಬಿಸುತ್ತದೆ. ಒಣ ಕಸಬರಿಗೆಯೂ ಅಷ್ಟೆ.

ಮುಖಕ್ಕೆ ಸುತ್ತಿದ ಟವೆಲು ಸಣ್ಣ ಕಣವನ್ನು ಸರಿಯಾಗಿ ತಡೆಯದು. ಎನ್95 ಅಥವಾ ಭಾರತೀಯ ಮಾನಕ ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಮಾಸ್ಕ್ ಬೇಕು. ಮೂಗಿನ ತಂತಿ ಒತ್ತಿ ಜೋರಾಗಿ ಉಸಿರು ಬಿಡಿ; ಅಂಚಿನಲ್ಲಿ ಗಾಳಿ ಸೋರಿದರೆ ಅದು ಸರಿಯಾಗಿ ಕೂತಿಲ್ಲ. ಗಡ್ಡವಿದ್ದರೆ ಕೂರುವುದೇ ಇಲ್ಲ. ಬೆವರಿಗೆ ಒದ್ದೆಯಾದದ್ದನ್ನು ಬದಲಿಸಿ.

ಕೆಮ್ಮು ಬಿಡದಿದ್ದರೆ ಉಸಿರು ಬಿಡುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಊದಿ, ಮೂರು ಸಲದಲ್ಲಿ ಹೆಚ್ಚು ಬಂದ ಅಂಕಿಯನ್ನು ದಿನಕ್ಕೆ 4 ಬಾರಿ ಬರೆದಿಡಿ, ಕೆಲಸದ ದಿನವೂ ರಜೆಯ ದಿನವೂ. ಡಾಕ್ಟರರ ಹತ್ತಿರ ಹೋಗುವಾಗ ಆ ಹಾಳೆ ಒಯ್ಯಿರಿ. ಸುಲಿದದ್ದು ಎಷ್ಟು ಹೊತ್ತಿಗೆ, ಜ್ವರ ಬಂದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ.